ಮೇಲಿರುವವನು

ತಿಂಗಳ ಹತ್ತು, ಗುರುವಾರ.

ಆಕಾಶ ಇವತ್ತೂ ಸೋರಿತು, ಅದೂ ಅಮ್ಮನ ಹಾಸಿಗೆಯ ಮೇಲೆಯೇ. ನಮ್ಮ ಆಕಾಶವೆಂದರೆ ಮೇಲಿನ ಲೋಕದವರ ನೆಲ. ಬಿರುಕನ್ನು ಅವರೇ ಮುಚ್ಚಬೇಕು. ಕೆಳಗಿನಿಂದ ಮೆತ್ತಿದ ಗಾರೆ ನಿಲ್ಲುವುದಿಲ್ಲ. ಗಾರೆ ಕೆಲಸದಲ್ಲೇ ತಲೆ ನರೆತ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೋಲಿನಿಂದ ಆಕಾಶವನ್ನು ಕುಟ್ಟಿ ಕುಟ್ಟಿ ಕೈ ಸೋತಿತು. ಕೊನೆಗೆ ಮೇಲಿನ ಹೆಂಗಸು ಬಿರುಕಿಗೆ ಬಾಯಿಟ್ಟು, "ನಮಗೂ ಮೇಲಿಂದಲೇ ಸೋರ್ತಿದೆ ಕಣ್ರೀ, ನಾವೇನ್ ಮಾಡೋಕಾಗುತ್ತೆ? ಮೇಲಿರೋನು ನೋಡ್ಕೋತಾನೆ ಬಿಡಿ" ಅಂದಳು.

ಮೈಯೆಲ್ಲ ಉರಿದುಹೋಯಿತು. ಮೇಲೆ ಇನ್ನೂ ಏಳು ಲೋಕಗಳಿವೆಯಂತೆ. ಒಬ್ಬರಾದರೂ ಒಂದು ಬಾಂಡ್ಲಿ ಗಾರೆ ಕಲಸಬಾರದೇ?

ಸೋರುವ ನೀರಿಗೆಂದು ಇಟ್ಟಿದ್ದ ಬಕೆಟ್ಟಿಗೆ ಜಾಡಿಸಿ ಒದ್ದುಬಿಟ್ಟೆ. ನೀರೆಲ್ಲ ನಮ್ಮ ನೆಲದ ಬಿರುಕಿಗೆ ಇಳಿಯಿತು.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಎಂದು ಅಮ್ಮ ಗೊಣಗುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ಲೋಕದಿಂದ ಯಾರೋ ಮುದುಕನ ದನಿ ಕೇಳಿತು:

"ಮೇಲಿರೋನೇ, ಇನ್ನು ನೀನೇ ನೋಡ್ಕೊಳ್ಳಪ್ಪಾ!"

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಹೀಗೆ ಬೇಡಿಕೊಂಡರೆ ಏನು ಮಾಡುವುದು? ಆ ಬಿರುಕು ಎಷ್ಟು ಕಾಲದಿಂದ ಇದೆಯೋ, ನಾನು ಬಗ್ಗಿ ನೋಡಿದ್ದೇ ಇಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಗಾರೆ ಕಲಸಬೇಕು, ಹಾಳಾದ್ದು, ಮೇಲಿರುವವನು ನಾನೇ ಆದ ಮೇಲೆ...