ಎದುರಿಗಿದ್ದ ಕಾರು

ಜನವರಿ ೨೩, ಗುರುವಾರ

ಅಕ್ಕನ ಕಾಲು ಎರಡು ಕಡೆ ಮುರಿದಿದೆ. ಅದಕ್ಕೆ ನನ್ನ ಕಾರಿನ ದೀಪವೇ ಕಾರಣವೆಂದು ಅವಳಿಗೆ ಗೊತ್ತಿಲ್ಲ.

ಮುಸ್ಸಂಜೆಯಲ್ಲಿ ಎದುರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಹೆಂಗಸೊಬ್ಬಳು ಕಣ್ಣು ಕೋರೈಸಿ ಗೋಡೆಗೆ ಗುದ್ದಿದಳು. ಇಳಿದು ಓಡಿದ ಮೇಲೆಯೇ ಅಕ್ಕನೆಂದು ತಿಳಿದದ್ದು.

ನನ್ನ ಕಣ್ಣು ಮಂಜಾಗುತ್ತಿದೆಯೆಂದು ಕಳೆದ ತಿಂಗಳು ಹಳೆಯ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸಿದ್ದೆ. "ಈ ಹಳೇ ಗಾಜಿಗೆ ಇದು ಹೊಂದಲ್ಲ ಸಾರ್, ಎದುರಿನವರ ಮುಖಕ್ಕೇ ಹೊಡಿಯುತ್ತೆ," ಎಂದಿದ್ದ ಮೆಕ್ಯಾನಿಕ್. "ನನಗೆ ರಸ್ತೆ ಕಂಡ್ರೆ ಸಾಕಪ್ಪಾ," ಎಂದಿದ್ದೆ. ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು.

ವಾರ್ಡಿನಲ್ಲಿ ಅವಳು ನರ್ಸಿಗೆ ಹೇಳುತ್ತಿದ್ದಳು: "ಯಾವನೋ ಮಹಾರಾಯ ಸೂರ್ಯನನ್ನೇ ಕಾರಿಗೆ ಕಟ್ಕೊಂಡು ಬಂದಿದ್ದ. ಪುಣ್ಯಕ್ಕೆ ಹಿಂದೇನೇ ನನ್ನ ತಮ್ಮ ಬಂದ." ಆಮೇಲೆ ನನ್ನತ್ತ ತಿರುಗಿದಳು. "ಅವನ ಮುಖ ನೋಡಿದ್ಯೇನೋ?"

"ಇಲ್ಲ ಅಕ್ಕಾ."

"ಹೋಗ್ಲಿ ಬಿಡು. ನಾಳೆ ಪೊಲೀಸರು ಬಂದಾಗ ನೀನೇ ಎಲ್ಲ ಹೇಳ್ಬಿಡು. ನನಗೆ ಏನೂ ಕಾಣಿಸಲಿಲ್ಲ."

ಆಗಲಿ ಎಂದೆ. ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಬಿಡಿಸಿಕೊಳ್ಳಲು ಒಂದೊಂದೇ ಬೆರಳು ಎತ್ತಬೇಕಾಯಿತು. ದೀಪ ಹಾಕುವ ಧೈರ್ಯವಾಗದೆ ಕಾರನ್ನು ಆಸ್ಪತ್ರೆಯಲ್ಲೇ ಬಿಟ್ಟು ನಡೆದು ಬಂದೆ.

ಪೊಲೀಸರಿಗಲ್ಲ, ಮೊದಲು ಅವಳಿಗೆ ಹೇಳಬೇಕು. ಶುರು ಹೇಗೆ ಮಾಡಲಿ? ಅಕ್ಕಾ, ಆ ರಸ್ತೆಯಲ್ಲಿ ಇದ್ದದ್ದು ಒಂದೇ ಕಾರು, ಅದು...