ಬಿಟ್ಟುಹೋದ ಕಾಂತಿ ಅತ್ತೆ

ವೇಣೂರು
ಸೋಮವಾರ

ಪ್ರೀತಿಯ ಅಪ್ಪನಿಗೆ,

ನೀವು ಮನೆ ಬಿಟ್ಟು ಕೊಕ್ಕಡಕ್ಕೆ ಹೋಗಿ ಒಂಬತ್ತು ವರ್ಷವಾಯಿತು. ಫೋನಿನಲ್ಲಿ ಹೇಳಲು ನನಗೆ ಧೈರ್ಯ ಸಾಲದು, ಅದಕ್ಕೇ ಈ ಪತ್ರ.

ತೃಪ್ತಿ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ನಿಮಗೆ ತಿಳಿದಿರಬಹುದು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಡಾಕ್ಟರ್ ಮೊದಲೇ ಕೇಳಿದ್ದರು. ಇಲ್ಲ ಎಂದೆವು. ಅಳಿಯಸಂತಾನದ ನಮ್ಮಲ್ಲಿ ಕುಟುಂಬವೆಂದರೆ ಅಮ್ಮನ ಕಡೆಯವರು ತಾನೇ. ಇದೇ ಕಾಯಿಲೆಯಲ್ಲಿ ಹೋದ ನಿಮ್ಮ ತಂಗಿ ಕಾಂತಿ ಅತ್ತೆಯ ನೆನಪು ಯಾರಿಗೂ ಬರಲಿಲ್ಲ. ಎರಡು ತಿಂಗಳ ಹಿಂದೆ ನಾನು ಅತ್ತೆಯ ವಿಷಯ ಹೇಳಿದ ಮೇಲೆಯೇ ಅಕ್ಕನ ವಂಶವಾಹಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ಒಂದು ಬದಲಾವಣೆ ಸಿಕ್ಕಿತು. ಆ ಬದಲಾವಣೆ ಇರುವವರಿಗೇ ಹೊಂದುವ ಮಾತ್ರೆ ಈಗ ಶುರುವಾಗಿದೆ. ಅಮ್ಮನ ರಕ್ತದಲ್ಲಿ ಆ ಬದಲಾವಣೆ ಇಲ್ಲ.

ಹಾಗಾಗಿ ನಿಮ್ಮ ರಕ್ತವನ್ನೂ ನೋಡಬೇಕಂತೆ, ನನ್ನದನ್ನೂ. ನಾನು ಇನ್ನೂ ಕೊಟ್ಟಿಲ್ಲ. ನಿಮ್ಮ ಜೊತೆಯೇ ಕೊಡುವ ಎಂದು ಕಾಯುತ್ತಿದ್ದೇನೆ. ಗುರುವಾರ ಬರಲು ಆಗುತ್ತದೆಯೇ?

ಇದನ್ನು ಬರೆಯುವಾಗ ಅಮ್ಮ ಹಿಂದೆ ಬಂದು ನಿಂತರು. "ಆ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡವಂತೆ. ಇಲ್ಲಿ ತಿಂಡಿ ತಿಂದೇ ಹೋಗುವ ಅಂತ ಬರೆ" ಎಂದರು.

ಬರೆದಿದ್ದೇನೆ.

ನಿಮ್ಮ ಕಿರಿಮಗಳು,
ಸಾತ್ವಿಕಾ