ನಲವತ್ತನೆಯ ಬಿಲ್ಲೆ

ಡೊಂಬಿವಲಿ ಪೂರ್ವ,
ಗುರುವಾರ, ೧೧ ಜುಲೈ ೨೦೨೪

ಪ್ರೀತಿಯ ಮೊಮ್ಮಗಳು ತೃಪ್ತಿಗೆ ನಿನ್ನ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀ ತಂಗೀ? ರತ್ನಾಗಿರಿಯ ನೀರು ಮೈಗೆ ಹಿಡಿಯಿತೆ? ಕೆಮ್ಮು ನಿಂತಿತೆ? ಬ್ಯಾಂಕಿನಲ್ಲಿ ಕೂತು ಕೂತು ಬೆನ್ನು ಬಾಗಿಸಿಕೊಳ್ಳಬೇಡ, ನೋಡಲು ಬಂದ ಗಂಡಿನವರು ನಿನ್ನನ್ನು ನನ್ನ ತಂಗಿ ಅಂದುಕೊಂಡಾರು. ನಾವೆಲ್ಲ ಕ್ಷೇಮ. ನಿನ್ನ ಅವ್ವ ಪೂನಂ ಉಪ್ಪಿಲ್ಲದ ಸಾರು ಮಾಡಿ ಮಾಡಿ ನನ್ನ ಬಿಪಿ ಇಳಿಸಿದ್ದಾಳೆ, ಅದರ ಜೊತೆಗೆ ಬದುಕುವ ಆಸೆಯೂ ಅಷ್ಟಿಷ್ಟು ಇಳಿದಿದೆ. ನಿನ್ನಪ್ಪ ಏಳೂ ಇಪ್ಪತ್ತರ ಲೋಕಲ್ಲಿಗೆ ಜೋತುಬಿದ್ದು ಹೋಗುತ್ತಾನೆ, ಜೋತುಬಿದ್ದೇ ಬರುತ್ತಾನೆ. ಫೋನಿರುವಾಗ ಮುದುಕಿ ಕಾಗದ ಯಾಕೆ ಬರೆದಳು ಅಂದುಕೊಳ್ಳಬೇಡ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದರಲ್ಲಿ ಉಳಿದ ಅಕ್ಷರಗಳನ್ನೇ ನಿನಗೆ ಕಲಿಸಿದ್ದು. ಇವತ್ತು ಅವು ಉಪಯೋಗಕ್ಕೆ ಬಂದವು. ಫೋನಿನಲ್ಲಿ ಬಾಯಿಬಿಟ್ಟು ಹೇಳಿದರೆ ಗೋಡೆಯ ದೇವರ ಮಾಡದಲ್ಲಿ ಇರುವವಳು ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಓದಲು ಬರುತ್ತಿರಲಿಲ್ಲ.

ಮೊನ್ನೆ ನೀನು ಅವ್ವನ ಹತ್ತಿರ ಮಾತಾಡಿದ್ದೆಲ್ಲ ನನ್ನ ಕಿವಿಗೆ ಬಿತ್ತು. ಆಕೆಗೆ ಸ್ಪೀಕರ್ ಹಾಕದಿದ್ದರೆ ಮಾತೇ ತಿಳಿಯುವುದಿಲ್ಲವಲ್ಲ. ನಿನ್ನ ಹತ್ತಿರ ಉಳಿದ ನಲವತ್ತನೆಯ ನಂಬರಿನ ಬಿಲ್ಲೆಯನ್ನು ಬರುವ ಭಾನುವಾರ ಸಮುದ್ರಕ್ಕೆ ಎಸೆಯುತ್ತೇನೆ ಅಂದೆ. ಊಟಕ್ಕೆ ಕೂತರೆ ನಿನಗೇ ಗೊತ್ತಿಲ್ಲದೆ ಮೊದಲ ತುತ್ತು ತಾಟಿನ ಅಂಚಿಗೆ ಎತ್ತಿಡುತ್ತೀ, ಭಯವಾಗುತ್ತದೆ ಅಂದೆ. ಹಾಗೆ ಎತ್ತಿಡುವುದನ್ನು ನಿನಗೆ ಯಾರೂ ಕಲಿಸಿಲ್ಲ. ಈ ಮನೆಯಲ್ಲಿ ಹಾಗೆ ಎತ್ತಿಟ್ಟವಳು ನಾನೊಬ್ಬಳೇ. ಅದಕ್ಕೇ ಈ ಕಾಗದ.

ಹೋದ ವರ್ಷ ನಿನ್ನ ಡಬ್ಬಿ ಹುಡುಕುವ ಕ್ಲಬ್ಬಿನ ಆ ಯತಿನ್ ನಮ್ಮ ಮನೆಗೆ ಬಂದದ್ದು ನೆನಪಿದೆಯೆ? ಬುದ್ಧಿ ಬಲಿತ ಮಂದಿ ಡಬ್ಬಿಗಳನ್ನು ಕೋಟೆಯ ಗೋಡೆಯಲ್ಲಿ, ಸೇತುವೆಯ ಕೆಳಗೆ ಬಚ್ಚಿಡುವುದು, ಫೋನಿನಲ್ಲಿ ಗುರುತು ಕೊಡುವುದು, ಬೇರೆಯವರು ರಜೆ ಹಾಕಿ ಹುಡುಕುವುದು. ಇದೂ ಒಂದು ಆಟವೇ ಎಂದು ನಾನು ನಕ್ಕಿದ್ದೆ. ಕ್ಲಬ್ಬಿನದೇ ಗುರುತಿನ ಬಿಲ್ಲೆ ಬೇಕು, ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಒಯ್ದು ಹಾಕಬೇಕು, ಬಿಲ್ಲೆಯ ಬೆನ್ನಿಗಿರುವ ನಂಬರು ನೋಡಿ ಎಲ್ಲೆಲ್ಲಿ ತಿರುಗಿತು ಎಂದು ಫೋನಿನಲ್ಲಿ ಬರೆಯಬೇಕು ಅಂದಿರಿ. ಯಾರ ಹತ್ತಿರವೂ ಇಲ್ಲದ ಚಿತ್ರ ಬೇಕು ಅಂತ ನೀನು ಮೂರು ದಿನ ತಲೆ ಕೆಡಿಸಿಕೊಂಡೆ. ಆಗ ನಾನು ಮಾಡದಿಂದ ಬೆಳ್ಳಿಯ ಬಿಲ್ಲೆ ತೆಗೆದು ನಿನ್ನ ಕೈಗಿಟ್ಟು, ನಮ್ಮೂರಿನ ಹಳೆಯ ದೇವಿ, ಇದರ ಅಚ್ಚು ತೆಗೆಸು ಅಂದೆ. ಸುಳ್ಳು ಹೇಳಿದೆ. ಅದು ದೇವಿಯಲ್ಲ. ನನ್ನ ಸವತಿ.

ನಿನ್ನ ಅಜ್ಜ ವೀರಭದ್ರಪ್ಪನವರ ಮೊದಲ ಹೆಂಡತಿ ಬಾಳವ್ವ. ಮದುವೆಯಾಗಿ ಎರಡು ವರ್ಷಕ್ಕೆ, ಹತ್ತೊಂಬತ್ತರ ವಯಸ್ಸಿಗೆ, ನೀರಿಗೆಂದು ಹೋಗಿ ಮಲಪ್ರಭೆಯಲ್ಲಿ ಹೋದಳು. ಕೊಡ ಸಿಕ್ಕಿತು, ಅವಳು ಸಿಗಲಿಲ್ಲ. ಎರಡನೆಯವಳಾಗಿ ಬಂದವಳು ಮೊದಲನೆಯವಳ ಮುಖವನ್ನು ಬೆಳ್ಳಿಯಲ್ಲಿ ಹೊಡೆಸಿ ಕೊರಳಿಗೆ ಕಟ್ಟಿಕೊಳ್ಳಬೇಕು, ಅದು ನಮ್ಮ ಮನೆಯ ಪದ್ಧತಿ. ತಾಳಿಗಿಂತ ಮೊದಲು ನನಗೆ ಅದನ್ನು ಕಟ್ಟಿದರು. ಹೊಸ ಸೀರೆ ಬಂದರೆ ಮೊದಲು ಅವಳ ಮುಂದೆ ಇಟ್ಟು ಆಮೇಲೆ ನಾನು ಉಡಬೇಕು. ಉಣ್ಣುವಾಗ ಮೊದಲ ತುತ್ತು ಅವಳಿಗೆ ಮುಟ್ಟಿಸಿ ಪಕ್ಕಕ್ಕಿಡಬೇಕು. ಐವತ್ತಾರು ವರ್ಷ ನನ್ನ ತಾಟಿನ ಮೊದಲ ತುತ್ತು ನನ್ನದಾಗಿರಲಿಲ್ಲ. ಬದುಕಿದ್ದ ಸವತಿಯಾದರೆ ಜಗಳವಾಡಿ ಜುಟ್ಟು ಹಿಡಿಯಬಹುದಿತ್ತು, ಸತ್ತವಳ ಹತ್ತಿರ ಏನು ಹಿಡಿಯಲಿ? ಹೋದ ವರ್ಷ ಬೆನ್ನಿನ ಸ್ಕ್ಯಾನ್ ಮಾಡುವಾಗ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಅಂದರು. ತೆಗೆದೆ. ಮನೆಗೆ ಬಂದು ಬಿಸಿ ರೊಟ್ಟಿಯ ಮೊದಲ ತುತ್ತನ್ನು ನಾನೇ ತಿಂದೆ. ಎಷ್ಟು ಸಿಹಿಯಾಗಿತ್ತು ಅಂತ ಹೇಳಲಾರೆ. ಮತ್ತೆ ಕೊರಳಿಗೆ ಹಾಕಿಕೊಳ್ಳಲಿಲ್ಲ. ನಿನಗೆ ಕೊಡುವಾಗ ಮನಸ್ಸಿನಲ್ಲಿ ಅವಳಿಗೆ ಅಂದೆ: ನಡೆ ಬಾಳವ್ವ, ಇಷ್ಟು ವರ್ಷ ನನ್ನ ಎದೆಮೇಲೆ ಕೂತೆ, ಇನ್ನು ಊರು ತಿರುಗು.

ದಿವಾ ಸ್ಟೇಷನ್ನಿನ ಹತ್ತಿರ ಮುಂಡಪ್ಪನ ಕಾರ್ಖಾನೆಗೆ ನಾವಿಬ್ಬರೂ ಹೋಗಿದ್ದೆವಲ್ಲ, ಹೋಟೆಲ್ ವೇಟರುಗಳ ಎದೆಬಿಲ್ಲೆ ಮಾಡುವ ಆ ಸಣ್ಣ ಗಾಳಿಯಿಲ್ಲದ ಖೋಲಿ. ಅವನು ಬೆಳ್ಳಿಯನ್ನು ರಬ್ಬರಿನಲ್ಲಿ ಒತ್ತಿ ಅಚ್ಚು ತೆಗೆದು ತವರ ಸುರಿಯುವಾಗ, “ಎಂತ ಅಮ್ಮ, ಈ ಹೆಂಗಸು ಅಚ್ಚು ಬಿಟ್ಟು ಬರುವುದೇ ಇಲ್ಲ ಮಾರಾಯ್ರೆ” ಅಂದಿದ್ದ. ನೀನು ನಕ್ಕೆ. ನಾನು ನಗಲಿಲ್ಲ. ನಲವತ್ತು ಬಿಲ್ಲೆಗಳಾದವು. ಬೆಳ್ಳಿಯದನ್ನು ಕಾಗದದಲ್ಲಿ ಸುತ್ತಿ ಕೊಟ್ಟ, ನಾನು ಬಿಚ್ಚಿ ನೋಡದೆ ಮಾಡದಲ್ಲಿಟ್ಟೆ. ನೀನು ರತ್ನಾಗಿರಿಗೆ ಹೋದ ಮೇಲೆ ಒಂದು ಅಮಾವಾಸ್ಯೆಗೆ ತೊಳೆಯಲೆಂದು ಬಿಚ್ಚಿದರೆ ಮುಖವೇ ಇಲ್ಲ! ನೀರಲ್ಲಿ ಉರುಳಿದ ಹರಳಿನಂತೆ ನುಣ್ಣಗೆ. ಮುಂಡಪ್ಪನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ನಾನು ಆಸಿಡ್ ಮುಟ್ಟಿಸ್ಲಿಲ್ಲ ಅಮ್ಮ, ಕೊಡುವಾಗ ಮುಖ ಇತ್ತು, ದೇವರಾಣೆ” ಅಂದ. ಅವನ ಧ್ವನಿ ಸುಳ್ಳು ಹೇಳುವವನದಾಗಿರಲಿಲ್ಲ.

ಆಮೇಲೆ ಯತಿನ್ ಬಂದು ಗೋಳಾಡತೊಡಗಿದ. ಡಬ್ಬಿಯಲ್ಲಿ ತಿನ್ನುವುದು ಇಡಬಾರದು, ಇರುವೆ ಬರುತ್ತದೆ, ಅದು ಕ್ಲಬ್ಬಿನ ನಿಯಮವಂತೆ. ಆದರೆ ಈ ಬಿಲ್ಲೆ ಇರುವ ಡಬ್ಬಿಯಲ್ಲೆಲ್ಲ ತಿಂಡಿಯಂತೆ. ಬದಲಾಪುರದಲ್ಲಿ ಅನೀಶಾ ಅನ್ನುವ ಹುಡುಗಿ ತನ್ನ ವಡಾಪಾವಿನ ಮೊದಲ ಚೂರು ಮುರಿದು ಇಟ್ಟಳಂತೆ. ವಾಶಿಯಲ್ಲಿ ಯಾರೋ ಮೋಸಂಬಿಯ ಒಂದು ತೊಳೆ, ಕಲ್ಯಾಣದಲ್ಲಿ ಒಬ್ಬ ಡಬ್ಬದ ಚಪಾತಿಯ ತುಂಡು. ಯಾಕೆ ಇಟ್ಟಿರಿ ಅಂದರೆ ಯಾರಿಗೂ ಗೊತ್ತಿಲ್ಲ, ಕೈ ತಾನೇ ಹೋಯಿತು ಅನ್ನುತ್ತಾರೆ. ಅವರು ಒಬ್ಬರಿಗೊಬ್ಬರು ಪರಿಚಯದವರೂ ಅಲ್ಲ. ಅಷ್ಟೇ ಅಲ್ಲ, ಪುಣೆ, ಗೋವಾ ಅಂತ ದೂರ ಹೋಗಬೇಕಾದ ಬಿಲ್ಲೆಗಳೆಲ್ಲ ತಿರುಗಿ ಬಂದವು. ಒಂದು ಲೋಣಾವಳದ ತನಕ ಹೋಗಿ, ಕರ್ಜತ್, ಬದಲಾಪುರ, ಕಲ್ಯಾಣ ಅಂತ ಒಂದೊಂದೇ ಸ್ಟೇಷನ್ ಹಿಂದೆ ಸರಿಯಿತು. ಎಲ್ಲವೂ ಕೊನೆಗೆ ನಮ್ಮ ಬಿಲ್ಡಿಂಗಿನ ಪಂಪಿನ ಹಿಂದೆ ನೀನು ಬಚ್ಚಿಟ್ಟ ಡಬ್ಬಿಯಲ್ಲಿ. ಯತಿನ್ ಅವನ್ನು ತಂದು ನನ್ನ ಮಡಿಲಿಗೆ ಸುರಿದು, “ಆಜೀ, ಘರ್ ಮೇ ಚುಂಬಕ್ ಹೈ ಕ್ಯಾ?” ಅಂದ. ಹೌದಪ್ಪ, ಮನೆಯಲ್ಲಿ ಅಯಸ್ಕಾಂತವಿದೆ, ನನ್ನ ಗಂಡನ ಮನೆಯಿಂದ ಬಂದದ್ದು ಅಂದೆ. ಅವನು ನಗುತ್ತಲೇ ಚಪ್ಪಲಿ ಮೆಟ್ಟಿದ, ಚಹಾಕ್ಕೂ ನಿಲ್ಲಲಿಲ್ಲ. ಮೂವತ್ತೊಂಬತ್ತು ಬಿಲ್ಲೆಗಳು ಈಗ ಮಾಡದಲ್ಲಿವೆ.

ನನಗೆ ಅನ್ನಿಸುವುದು ಇಷ್ಟು. ನಾನು ಹೊರಗೆ ಹಾಕಿದೆ, ಅವಳು ದಾರಿಯುದ್ದಕ್ಕೂ ತುತ್ತು ಬೇಡಿಕೊಂಡು ಮನೆಗೆ ಬಂದಳು. ನಮ್ಮನ್ನು ಕಾಡಲು ಬಂದಿಲ್ಲ ತೃಪ್ತಿ, ಅವಳಿಗೆ ಬೇರೆ ಮನೆ ಗೊತ್ತಿಲ್ಲ. ನಿನ್ನೆಯಿಂದ ಮತ್ತೆ ಮೊದಲ ತುತ್ತು ಅವಳಿಗೇ ಇಡುತ್ತಿದ್ದೇನೆ. ಪೂನಂ ನೋಡಿ ಮೂಗು ಮುರಿದಳು, ಮುರಿಯಲಿ. ನೀನು ಹೆದರಬೇಡ. ಬಿಲ್ಲೆಯನ್ನು ಒಂದು ಹೊಸ ಬಟ್ಟೆಯಲ್ಲಿ ಕಟ್ಟು, ಬರುವಾಗ ನೀನೇ ಕೈಯಲ್ಲಿ ತಾ. ಮುಂಡಪ್ಪನಿಗೆ ಹೇಳಿ ಎಲ್ಲವನ್ನೂ ಕರಗಿಸಿ, ಆ ತವರದಲ್ಲಿ ಅವಳಿಗೊಂದು ಪೀಠ ಮಾಡಿಸುತ್ತೇನೆ. ಕೊರಳಿಗೆ ಮಾತ್ರ ಹಾಕಿಕೊಳ್ಳುವುದಿಲ್ಲ, ಅಷ್ಟು ಹಟ ನನಗೂ ಇರಲಿ.

ನಿನ್ನ ಜೊತೆ ಕೆಲಸ ಮಾಡುವ ಆ ಹುಡುಗಿ ಶ್ರದ್ಧಾಳಿಗೂ ನನ್ನ ಆಶೀರ್ವಾದ ಹೇಳು. ಮಳೆಯಲ್ಲಿ ನೆನೆಯಬೇಡ. ಶಿವ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಜ್ಜಿ,
ಕಾಶವ್ವ

ತಾ.ಕ.: ಪೂನಂ ಅಂಟು ತರಲು ಕೆಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಬೆಳ್ಳಿಯ ಬಿಲ್ಲೆಯಲ್ಲಿ ಮುಖ ವಾಪಸ್ಸು ಬರುತ್ತಿದೆ. ಒಂದೊಂದು ಬಿಲ್ಲೆ ಪಂಪಿನ ಹಿಂದಿನ ಡಬ್ಬಿಗೆ ಬಂದ ಮರುದಿನ ಒಂದೊಂದು ಗೆರೆ. ಮೊದಲು ಗದ್ದ, ಆಮೇಲೆ ಸೆರಗಿನ ಅಂಚು, ಮೂಗಿನ ನತ್ತು. ಕಣ್ಣು ಮಾತ್ರ ಇನ್ನೂ ಬಂದಿಲ್ಲ, ಅದು ನಿನ್ನ ಹತ್ತಿರದ ನಲವತ್ತನೆಯದರಲ್ಲೇ ಉಳಿದಿದೆ. ಸೋಮವಾರದಿಂದ ನಾನು ಕಣ್ಣು ಮುಚ್ಚಿದರೆ ಕತ್ತಲಾಗುವುದಿಲ್ಲ ತಂಗೀ. ಹಸಿರು ಗೋಡೆ ಕಾಣುತ್ತದೆ, ಅದರಲ್ಲೊಂದು ಬರಿ ಮೊಳೆ. ಕಿಟಕಿಯ ಮೂರನೆಯ ಸರಳು ಮುರಿದಿದೆ. ನೀನು ಆ ಕಡೆ ತಿರುಗಿ ತಲೆ ಬಾಚಿಕೊಳ್ಳುತ್ತಿರುತ್ತೀ. ರತ್ನಾಗಿರಿಯ ಆ ರೂಮಿನ ಫೋಟೋ ನೀನು ಯಾವತ್ತೂ ನಮಗೆ ಕಳಿಸಿಲ್ಲ. ಭಾನುವಾರ ಅವಳನ್ನು ಇನ್ನೊಂದು ಸಲ ನೀರಿಗೆ ಹಾಕಬೇಡ. ಹಾಕಿದರೆ, ಉಳಿದ ದಿನವೆಲ್ಲ ಕಣ್ಣು ಮುಚ್ಚಿದಾಗ ನಾನು ಏನನ್ನು ನೋಡುತ್ತ ಮಲಗಲಿ, ನೀನೇ ಹೇಳು.